ಸತ್ತವಳ ಪಾಲಿನ ಊಟ

ಭಾನುವಾರದ ಪೂಜೆ ಮುಗಿದು ಇನ್ನೂ ಚರ್ಚಿನ ಗಂಟೆ ನಿಂತಿರಲಿಲ್ಲ, ಕ್ಲಾರಾ ದೊಡ್ಡಮ್ಮ ಸಬೀನಾಳ ಬಾಗಿಲಲ್ಲಿ ಹಾಜರಾದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಒಳಗೆ ಸಾಗೊ ಮರದ ಹಿಟ್ಟಿನ ರೊಟ್ಟಿ, ಹೊಗೆಗೆ ಹಿಡಿದು ಒಣಗಿಸಿದ ಹೊಳೆಮೀನು, ತೆಂಗಿನ ಹಾಲಿನಲ್ಲಿ ಬೇಯಿಸಿದ ಸೊಪ್ಪು.

"ಬಿಸಿ ಆರೋದ್ರೊಳಗೆ ತಿನ್ನಿಸು. ತಣ್ಣಗಾದ ಸಾಗೊ ನಿಮ್ಮಮ್ಮನ ಗಂಟಲಲ್ಲಿ ಇಳಿಯಲ್ಲ. ಚಿಕ್ಕೋಳಿದ್ದಾಗಿಂದ ಅದೇ ಜಂಬ ಅವಳದು. ತಡಿ, ಇವತ್ತು ನಾನೂ ಬರ್ತೀನಿ. ಕಿಟಕಿಯಿಂದಾದ್ರೂ ಮುಖ ನೋಡ್ತೀನಿ."

"ಬೇಡ ದೊಡ್ಡಮ್ಮ. ಕ್ಷಯದ ವಾರ್ಡು, ಒಬ್ಬರಿಗಿಂತ ಜಾಸ್ತಿ ಬಿಡಲ್ಲ. ನಿಂಗೆ ಬೇರೆ ಕೆಮ್ಮು."

"ಆ ಡಾಕ್ಟರ ಬಾಯಿಗೆ ಮಣ್ಣು ಹಾಕ! ಹೆತ್ತ ಮಗಳನ್ನ ಬಿಡ್ತಾರೆ, ಜೊತೆಗೆ ಬೆಳೆದ ಅಕ್ಕನ್ನ ಬಿಡಲ್ವಂತೆ!" ಕ್ಲಾರಾ ಅಡಿಕೆಯ ಕೆಂಪು ಉಗುಳನ್ನು ಅಂಗಳಕ್ಕೆ ಉಗಿದು, ಪೊಟ್ಟಣವನ್ನು ಸಬೀನಾಳ ಹೆಣೆದ ಚೀಲದೊಳಗೆ ತಾನೇ ಜೋಪಾನವಾಗಿ ಇಟ್ಟಳು. "ನಾನು ಕೇಳ್ದೆ ಅಂತ ಹೇಳು. ಮರೀಬೇಡ."

ಸಬೀನಾ ತಲೆಯಾಡಿಸಿ ಹೊರಟಳು. ಬಸ್ಸಿಳಿದು ಆಸ್ಪತ್ರೆಯ ದೊಡ್ಡ ಬಾಗಿಲಿನಿಂದ ಒಳಹೊಕ್ಕಳು. ವಾರ್ಡುಗಳ ಕಡೆಗೆ ತಿರುಗಲಿಲ್ಲ. ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಶೆಡ್ಡು ದಾಟಿ, ಹಿಂಭಾಗದ ಶವಾಗಾರದ ಎದುರು ಮಾವಿನ ಮರದ ಬುಡದಲ್ಲಿ ಕೂತಳು. ಪೊಟ್ಟಣ ಬಿಚ್ಚಿ ತಾನೇ ತಿಂದಳು. ತಿಂದು ಎಲೆಯನ್ನು ಮಡಿಸಿ ತಿಪ್ಪೆಗೆ ಹಾಕಿದಳು. ಅವಳ ತಾಯಿ ಮಗ್ದಲೀನಾ ಸತ್ತು ಎರಡು ತಿಂಗಳಾಗಿತ್ತು. ಆ ಶವಾಗಾರದೊಳಗೆ ತಣ್ಣಗೆ ಮಲಗಿದ್ದಳು. ಅದು ಸಬೀನಾಳನ್ನು ಬಿಟ್ಟರೆ ಅವಳ ಕೇರಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ತಾಯಿ ಸತ್ತದ್ದನ್ನು ಮುಚ್ಚಿಡುವ ಮಗಳು ಎಂಥವಳು ಎಂದು ಮೂಗು ಮುರಿಯಬೇಡಿ. ಅವಳ ಜಾಗದಲ್ಲಿ ನಿಂತು ನೋಡಿದವರಿಗೆ ಗೊತ್ತು. ನ್ಯೂಗಿನಿಯ ಈ ಬಂದರು ಪಟ್ಟಣದಲ್ಲಿ ಸೆಪಿಕ್ ನದಿಯ ಕಡೆಯವರು ಯಾರೇ ಸಾಯಲಿ, ಅಂಗಳದಲ್ಲಿ ಟಾರ್ಪಾಲು ಏಳುತ್ತದೆ. ಅದಕ್ಕೆ ಅಳುವ ಮನೆ ಎನ್ನುತ್ತಾರೆ. ಒಂದೇ ಭಾಷೆಯ ಜನವೆಲ್ಲ ಬಂದು ವಾರಗಟ್ಟಲೆ ಅಲ್ಲೇ ಕೂತು ಅಳುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಚಾಪೆಯ ಮೇಲೆ ತಮ್ಮ ಕೈಲಾದಷ್ಟು ದುಡ್ಡು ಇಡುತ್ತಾರೆ. ಆ ದುಡ್ಡಿನಲ್ಲೇ ಹೆಣ ಹಡಗು ಹತ್ತಿ ಊರಿಗೆ ಹೋಗಬೇಕು. ಸಬೀನಾಳ ಗಂಡ ಓಟ್ಟೊ ಸತ್ತಾಗಲೂ ಹೀಗೆಯೇ ಆಯಿತು. ಅಕ್ಕಿಯ ಮೂಟೆ, ಸಕ್ಕರೆ, ಚಹಾಪುಡಿ ಎಲ್ಲ ಅಂಗಡಿಯಿಂದ ಸಬೀನಾಳ ಹೆಸರಲ್ಲಿ ಸಾಲ ಬಂತು. ಚಾಪೆಯ ದುಡ್ಡನ್ನು ಓಟ್ಟೊನ ತಮ್ಮ ಎತ್ತಿಕೊಂಡ. ಅಣ್ಣನ ಹೆಣವನ್ನೇನೋ ಊರಿಗೆ ಮುಟ್ಟಿಸಿದ, ಉಳಿದದ್ದನ್ನು ಬಿಯರಿಗೆ ಸುರಿದ. ಅಂಗಡಿಯ ಸಾಲ ತೀರಿಸಲು ಸಬೀನಾಳಿಗೆ ವರ್ಷ ಹಿಡಿಯಿತು. ಆ ವರ್ಷ ಅವಳೂ ಮಗಳು ಆಗ್ನೆಸಳೂ ರಾತ್ರಿಯ ಊಟಕ್ಕೆ ಚಹಾ ಕುಡಿದು ಮಲಗಿದ ದಿನಗಳೇ ಹೆಚ್ಚು.

ಹಾಗಾಗಿ ತಾಯಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ದಿನ ಅವಳು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದಳು. ಯಾರಿಗೂ ಹೇಳುವುದು ಬೇಡ. ಒಂದೆರಡು ಸಂಬಳ ಒಟ್ಟು ಮಾಡಿ ಪೆಟ್ಟಿಗೆ, ಹಡಗು ಎರಡಕ್ಕೂ ತಾನೇ ಕೊಟ್ಟುಬಿಡುತ್ತೇನೆ, ಹೆಣ ಹಡಗು ಹತ್ತಿದ ಮೇಲೆ ಎಲ್ಲರಿಗೂ ಹೇಳುತ್ತೇನೆ ಎಂದುಕೊಂಡಳು. ಸಾಯುವ ಮುಂಚೆ ತಾಯಿ ಅವಳ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ನನ್ನನ್ನ ಇಲ್ಲಿ ಬಿಟ್ಟು ಹೋಗ್ಬೇಡ ಮಗಾ. ಹೊಳೆ ದಂಡೇಲಿ ನಿಮ್ಮಪ್ಪನ ಪಕ್ಕ ಹಾಕು." ಸಬೀನಾ ಆಗಲಿ ಎಂದಿದ್ದಳು. ತಾಯಿಗೆ ಕೊಟ್ಟ ಕೊನೆಯ ಮಾತು ಅದು.

ಅವಳಿಗೆ ತಿಳಿಯದೆ ಹೋದದ್ದು ಒಂದೇ ವಿಷಯ. ಶವಾಗಾರಕ್ಕೂ ಬಾಡಿಗೆ ಇತ್ತು, ದಿನದ ಲೆಕ್ಕದಲ್ಲಿ. ಬದುಕಿದ್ದವರು ಕೇರಿಯಲ್ಲಿ ಕೊಡುವ ಬಾಡಿಗೆಗಿಂತ ಅದೇ ಜಾಸ್ತಿ. ಮೊದಲ ಸಂಬಳ ಹಿಡಿದುಕೊಂಡು ಹೋದ ದಿನ ಕಾವಲುಗಾರ ಬರ್ನಬಾಸ್ ಅದನ್ನು ಹೇಳಿದಾಗ ಅವಳು ನಕ್ಕುಬಿಟ್ಟಳು.

"ಅಲ್ಲಣ್ಣಾ, ಅವ್ಳು ಏನು ತಿಂತಾಳೆ, ಏನು ಕುಡಿತಾಳೆ ಅಂತ ಬಾಡಿಗೆ?"

"ನನ್ನ ಕೇಳ್ತೀಯಲ್ಲ ತಾಯಿ. ನಾನೇನು ಆಸ್ಪತ್ರೆ ಕಟ್ಸಿದೋನಾ?" ಬರ್ನಬಾಸ್ ಕೆಟ್ಟವನಲ್ಲ. ಹೆಣಗಳ ನಡುವೆ ಕೆಲಸ ಮಾಡಿ ಮಾಡಿ ಅವನ ಮಾತು ಮೆತ್ತಗಾಗಿತ್ತು. "ದುಡ್ಡಿಲ್ದಿದ್ರೆ ಜನ ಕರ್ಕೊಂಡು ಬಾ. ನಿಮ್ಮ ಕೇರಿಯ ಹಿರೀಕರು ಬಂದು ಕೂತು ಮಾತಾಡಿದ್ರೆ ಒಳಗಿನ ಸಾಹೇಬ್ರು ಎಷ್ಟೋ ಕಡಿಮೆ ಮಾಡ್ತಾರೆ. ಒಬ್ಳೇ ಬಂದೋರಿಗೆ ಯಾರೂ ಕಡಿಮೆ ಮಾಡಲ್ಲ."

ಜನ ಬೇಡವೆಂದೇ ಅಲ್ಲವೇ ಅವಳು ಇಷ್ಟೆಲ್ಲ ಮಾಡಿದ್ದು! ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅಷ್ಟರಲ್ಲಿ ಕ್ಲಾರಾ ದೊಡ್ಡಮ್ಮನ ಭಾನುವಾರದ ಪೊಟ್ಟಣಗಳು ಶುರುವಾಗಿದ್ದವು. ಮೊದಲ ವಾರ ಸಬೀನಾ ಅದನ್ನು ಯಾರೋ ರೋಗಿಗೆ ಕೊಟ್ಟಳು. ಎರಡನೆಯ ವಾರ ಹೊಟ್ಟೆ ಕೇಳಲಿಲ್ಲ.

ಸಬೀನಾ ಮೀನಿನ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಬೆಂದ ಮೀನಿನ ಚರ್ಮ ಸುಲಿಯುವ ಕೆಲಸ ಮಾಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಬಳ. ಆ ಶುಕ್ರವಾರ ಕಾರ್ಖಾನೆಯ ಗೇಟಿನಲ್ಲಿ ಜಾತ್ರೆ. ಒಳಗೆ ಸಂಬಳ ಎಣಿಸುವುದಕ್ಕೂ ಮುಂಚೆ ಹೊರಗೆ ನೆಂಟರು ಎಣಿಸಿ ಆಗಿರುತ್ತಿತ್ತು. ದೂರದ ತಮ್ಮ, ಹತ್ತಿರದ ಮಾವ, ಬಸ್ಸಿನ ಚಾರ್ಜಿಲ್ಲದವನು, ಮಗುವಿಗೆ ಜ್ವರ ಎನ್ನುವವಳು, ಎಲ್ಲರೂ ಒಂದೇ ಮಾತಿನವರು. ಇಲ್ಲ ಎಂದರೆ ನಾಳೆ ನಿನಗೂ ಯಾರೂ ಇಲ್ಲ. ಅವರಿಗೆ ಕೊಟ್ಟು, ಅಂಗಡಿಗೆ ಕೊಟ್ಟು, ಕರೆಂಟಿನ ಮೀಟರಿಗೆ ದುಡ್ಡು ತುಂಬಿ, ಆಗ್ನೆಸಳ ಶಾಲೆಯ ಕಂತು ಕಟ್ಟಿ, ಬಸ್ಸಿಗೆ ಎತ್ತಿಟ್ಟರೆ ಸೋಮವಾರದ ಹೊತ್ತಿಗೆ ಸಬೀನಾಳ ಕೈ ಬರಿದು. ಉಳಿಸಬೇಕು ಎಂದು ಅವಳು ಅಕ್ಕಿಡಬ್ಬಿಯ ತಳದಲ್ಲಿ ನೋಟು ಮಡಚಿ ಇಟ್ಟು ನೋಡಿದಳು. ಅಕ್ಕಿ ತೀರಿದ ದಿನ ನೋಟೂ ತೀರಿತು.

ಉಳಿದ ದಾರಿ ಒಂದೇ, ಸಾಂಡೆ. ನಮ್ಮಲ್ಲಿ ಚೀಟಿ ಹಾಕುವುದಿಲ್ಲವೇ, ಹಾಗೆಯೇ. ಒಂದೇ ಸಾಲಿನಲ್ಲಿ ಮೀನು ಸುಲಿಯುವ ಐದು ಹೆಂಗಸರು ಪ್ರತಿ ಸಂಬಳಕ್ಕೆ ಸಮಪಾಲು ಹಾಕಿ, ಒಟ್ಟು ಗಂಟನ್ನು ಸರದಿಯ ಪ್ರಕಾರ ಒಬ್ಬಳಿಗೆ ಕೊಡುತ್ತಿದ್ದರು. ಕೈಯಲ್ಲಿ ಇಲ್ಲದ ದುಡ್ಡನ್ನು ಯಾವ ನೆಂಟನೂ ಕೇಳಲಾರ, ಅದೇ ಅದರ ಗುಟ್ಟು. ಗಂಟು ಕಾಯುವವಳು ರೂತ್. ಬಾಯಿ ಬೊಂಬಾಯಿ, ಲೆಕ್ಕ ಮಾತ್ರ ಒಂದು ಟೋಯಾ ಕಾಸೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಈ ಸಲದ ಸರದಿ ಎಲ್ಮಾಳದು, ಸಬೀನಾಳದು ಕೊನೆಯದು.

ಅದಕ್ಕೆ ಕಾಯುವ ಹಾಗಿರಲಿಲ್ಲ. ಆ ಭಾನುವಾರ ಎಲೆ ಬಿಸಾಡಿ ಏಳುತ್ತಿದ್ದ ಸಬೀನಾಳ ಹತ್ತಿರ ಬರ್ನಬಾಸ್ ಬಂದು ನಿಂತ.

"ತಾಯಿ, ಒಳಗೆ ಜಾಗ ಇಲ್ಲ. ಒಬ್ಬರ ಮೇಲೆ ಒಬ್ಬರನ್ನ ಇಟ್ಟಿದೀವಿ. ಯಾರೂ ಬಿಡಿಸಿಕೊಳ್ಳದ ಹೆಣಗಳನ್ನೆಲ್ಲ ಬರೋ ವಾರ ಬಿಟ್ಟು ಅದರ ಮುಂದಿನ ಮಂಗಳವಾರ ಒಂದೇ ಗುಂಡಿಗೆ ಹಾಕ್ತಾರಂತೆ. ನಿನ್ನ ಹೆಸರೂ ಇದೆ. ನಿಮ್ಮಮ್ಮಂದು."

"ಅದಕ್ಕೆ ಮುಂಚೆ ಸಂಬಳ ಇದೆ ಅಣ್ಣಾ. ತರ್ತೀನಿ."

"ದುಡ್ಡಾದ್ರೂ ತಾ, ಜನಾನಾದ್ರೂ ತಾ. ಬರಿಗೈಲಿ ಒಬ್ಳೇ ಬರಬೇಡ."

ಮರುದಿನ ಮೀನಿನ ಹಬೆಯ ನಡುವೆ ಸಬೀನಾ ರೂತಳ ಪಕ್ಕಕ್ಕೆ ಸರಿದಳು. "ಅಕ್ಕಾ, ಈ ಸಲದ ಗಂಟು ನಂಗೆ ಕೊಡಿಸು. ನನ್ನ ಸರದೀನ ಎಲ್ಮಾಗೆ ಕೊಡು."

"ಓಹೋ! ಮಹಾರಾಣಿ ಸರದಿ ಬದಲಾಯಿಸ್ತಾಳೆ!" ರೂತ್ ಕೈಯ ಚಾಕು ನಿಲ್ಲಿಸಲಿಲ್ಲ. "ಎಲ್ಮಾ ಆಗ್ಲೇ ಆ ದುಡ್ಡಿಗೆ ತಗಡು ಗೊತ್ತು ಮಾಡವ್ಳೆ. ಮಳೆ ಬಂದ್ರೆ ಅವ್ಳ ಮಂಚಾನೇ ದೋಣಿ. ನಿಂಗೇನು ಬಂತು ಅಂಥಾ ಅವಸರ? ಹೊಸ ಗಂಡ ಗಿಂಡ ನೋಡ್ಕೊಂಡ್ಯಾ?"

ಸಾಲಿನ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಸಬೀನಾಳೂ ನಕ್ಕಳು, ನಗದಿದ್ದರೆ ಅಳು ಬರುತ್ತಿತ್ತು. "ಅಮ್ಮನ ಔಷಧಿಗೆ ಅಕ್ಕಾ," ಎಂದಳು.

ರೂತಳ ಚಾಕು ಆಗ ನಿಂತಿತು. ಅವಳು ಸಬೀನಾಳ ಮುಖವನ್ನೇ ನೋಡಿದಳು. "ಜಾಸ್ತಿ ಆಗಿದ್ಯಾ? ಆಗಿದ್ರೆ ಬಾಯಿ ಬಿಟ್ಟು ಹೇಳೇ. ಕಾರ್ಖಾನೆ ಹೆಂಗಸ್ರೆಲ್ಲ ಸೇರಿ ಏನಾದ್ರೂ ಮಾಡಾಣ."

ಇದೋ ನೋಡಿ, ಬಾಗಿಲು ತೆರೆದಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಎರಡು ತಿಂಗಳು ಹೇಳಿದ ಸುಳ್ಳು ಅಷ್ಟು ಸುಲಭಕ್ಕೆ ಬಾಯಿಂದ ಹೊರಗೆ ಬರುವುದಿಲ್ಲ. ಹೆತ್ತ ತಾಯಿಯನ್ನು ಮಂಜುಗಡ್ಡೆಯಲ್ಲಿಟ್ಟು, ಅವಳ ಪಾಲಿನ ಊಟ ತಾನು ತಿಂದೆ ಎಂದು ಯಾವ ಮುಖದಲ್ಲಿ ಹೇಳುವುದು? "ಔಷಧಿ ಅಷ್ಟೇ ಅಕ್ಕಾ," ಎಂದಳು ಸಬೀನಾ. ರೂತ್ ಎಲ್ಮಾಳನ್ನು ಬೈದು, ಪುಸಲಾಯಿಸಿ, ಒಪ್ಪಿಸಿದಳು.

ಸಂಬಳದ ಶುಕ್ರವಾರ ಗಂಟು ಕೈಗೆ ಬಂತು. ಸಬೀನಾ ಅದನ್ನು ಎದೆಗೆ ತುರುಕಿಕೊಂಡು, ಗೇಟಿನ ನೆಂಟರ ಕಣ್ಣು ತಪ್ಪಿಸಿ, ಮೀನಿನ ಕಸದ ಲಾರಿ ಹೋಗುವ ಹಿಂದಿನ ದಾರಿಯಿಂದ ಓಡಿದಳು. ಪೆಟ್ಟಿಗೆ, ಹಡಗು ಆಮೇಲೆ ನೋಡೋಣ, ಮೊದಲು ಶವಾಗಾರದ ಬಾಕಿ ಕಟ್ಟಿ ಅಮ್ಮನನ್ನು ಆ ಪಟ್ಟಿಯಿಂದ ಬಿಡಿಸಬೇಕು. ಅದಕ್ಕೆ ಈ ದುಡ್ಡು ಸರಿಹೋಗುತ್ತಿತ್ತು. ಆಸ್ಪತ್ರೆಯ ಕಚೇರಿ ಅಷ್ಟು ಹೊತ್ತಿಗೆ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಕಟ್ಟಿದರಾಯಿತು ಎಂದು ಮನೆ ಕಡೆ ತಿರುಗಿದಳು.

ಮನೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಸೂರಿನಡಿ ಆಗ್ನೆಸ್ ಶಾಲೆಯ ಚೀಲ ಎದೆಗೆ ಅವುಚಿಕೊಂಡು ನಿಂತಿದ್ದಳು. ಮಳೆಯ ಎರಚಲಿಗೆ ಹಾಸಿಗೆ, ಪಾತ್ರೆ ಎಲ್ಲ ಅಂಗಳದಲ್ಲಿ ನೆನೆಯುತ್ತಿದ್ದವು. ಮನೆಯ ಮಾಲೀಕ ವಾಕೆ, ಬೆಟ್ಟದ ಕಡೆಯವನು, ಕುರ್ಚಿ ಹಾಕಿಕೊಂಡು ಕೂತಿದ್ದ.

"ಮೂರು ತಿಂಗಳು, ಸಬೀನಾ. ನಾನೇನು ಧರ್ಮಛತ್ರ ಇಟ್ಟಿದೀನಾ? ರಾತ್ರಿ ಹೊಸಬರು ಬರ್ತಾರೆ."

"ಸೋಮವಾರದ ತನಕ ತಡಿ. ನಿನ್ನ ಕಾಲಿಗೆ ಬೀಳ್ತೀನಿ."

"ಸೋಮವಾರ ಸೋಮವಾರ ಅಂತ ಎಷ್ಟು ಸೋಮವಾರ ಕೇಳ್ಲಿ? ನಿನ್ನ ಸಂಬಳ ಇವತ್ತು. ಸೋಮವಾರ ನಿನ್ನ ಹತ್ರ ಏನಿರುತ್ತೆ ಅಂತ ನಂಗೆ ಗೊತ್ತಿಲ್ವಾ?"

ಮಾತು ಸುಳ್ಳಲ್ಲ, ಅದಕ್ಕೇ ಉರಿಯಿತು. ಆಗ್ನೆಸ್ ಚಳಿಗೆ ಹಲ್ಲು ಕಡಿಯುತ್ತಾ ನಿಂತಿದ್ದಳು. ಸತ್ತ ತಾಯಿಗೆ ತಣ್ಣನೆಯ ಮನೆಯಾದರೂ ಇತ್ತು, ಬದುಕಿದ ಮಗಳಿಗೆ ಅದೂ ಇಲ್ಲ. ಸಬೀನಾ ಗೋಡೆಯ ಕಡೆ ತಿರುಗಿ ಎದೆಯಿಂದ ಗಂಟು ತೆಗೆದಳು. ವಾಕೆ ಎರಡು ಸಲ ಎಣಿಸಿ, ಬೀಗ ತೆಗೆದು, ಮಗುವಿಗೆ ಬಿಸ್ಕತ್ತು ತಗೋ ಎಂದು ಒಂದು ಕಿನಾ ನಾಣ್ಯ ಕೊಟ್ಟು ಹೋದ. ಉಳಿದ ನೋಟುಗಳು ಶವಾಗಾರದ ಬಾಕಿಯ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಸೋಮವಾರ ಅಷ್ಟನ್ನೇ ಹಿಡಿದು ಹೋದಳು. ಪೂರ್ತಿ ಕಟ್ಟಿದರೆ ಮಾತ್ರ ಹೆಸರು ತೆಗೆಯುತ್ತೇವೆ ಎಂದು ಕಚೇರಿಯ ಕಿಟಕಿಯೊಳಗಿನವನು ತಲೆ ಎತ್ತದೆ ಹೇಳಿದ. ಬರ್ನಬಾಸ್ ಅವಳನ್ನು ಬಾಗಿಲ ತನಕ ಕರೆದುಕೊಂಡು ಬಂದ. "ಇನ್ನೂ ಹೊತ್ತು ಇದೆ. ಈಗಿಂದೀಗ ಹೋಗಿ ನಿಮ್ಮೋರಿಗೆ ಹೇಳು. ನಾಳೆ ಬೆಳಿಗ್ಗೆ ಹತ್ತು ಜನ ಬಂದು ಈ ಬಾಗಿಲಲ್ಲಿ ಕೂತ್ರೆ ಸಾಕು, ಲಾರಿಗೆ ಏರಿಸೋಕೆ ಯಾರಿಗೂ ಧೈರ್ಯ ಬರಲ್ಲ."

ಹೇಳುತ್ತೇನೆ, ಹೊಡೆದರೂ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಅವಳು ಸಂಜೆ ಕ್ಲಾರಾಳ ಮನೆಗೆ ಹೋದಳು. ಕ್ಲಾರಾ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಹೊಸ ಚೀಲ ಹೆಣೆಯುತ್ತಿದ್ದಳು. ಕೆಂಪು, ಹಳದಿ ನೂಲು, ಅರ್ಧ ಮುಗಿದಿತ್ತು.

"ಬಾ ಮಗಳೇ, ಕೂತ್ಕೋ. ನಿನ್ನೇನೇ ನೆನೆಸ್ಕೋತಿದ್ದೆ. ಇದು ನಿಮ್ಮಮ್ಮನಿಗೆ. ಊರಿಗೆ ಹೋಗುವಾಗ ಹಳೇ ಚೀಲ ನೇತಾಕೊಂಡು ಹೋದ್ರೆ ನಾದಿನೀರು ಆಡ್ಕೊಳ್ಳಲ್ವಾ, ಪಟ್ಟಣದಲ್ಲಿ ಅಕ್ಕ ಇದ್ದೂ ಹಿಂಗಾ ಅಂತ. ಇನ್ನೊಂದು ಗುಟ್ಟು, ಅವಳಿಗೆ ಹೇಳ್ಬೇಡ. ಕೇರಿಯೋರೆಲ್ಲ ಅವಳ ಹಡಗಿನ ಚಾರ್ಜಿಗೆ ಅಂತ ಒಂದಿಷ್ಟು ಎತ್ತಿಟ್ಟಿದೀವಿ. ವಾಸಿಯಾಗಿ ಬರ್ಲಿ, ನಡಕೊಂಡು ಹಡಗು ಹತ್ತಲಿ ನಮ್ಮ ಮಗ್ದಲೀನಾ."

ಸಬೀನಾ ದೊಡ್ಡಮ್ಮನ ಮುಖವನ್ನೇ ನೋಡಿದಳು. ಬದುಕಿದ್ದವಳಿಗೆಂದು ಕೂಡಿಟ್ಟ ದುಡ್ಡು. ಅವಳು ಇಷ್ಟು ದಿನ ಹೆದರಿದ್ದು ಯಾವ ಜನಕ್ಕೋ, ಆ ಜನ ಅವಳಿಗೆ ಗೊತ್ತಿಲ್ಲದಂತೆ ಅವಳ ತಾಯಿಗಾಗಿಯೇ ಉಳಿಸುತ್ತಿದ್ದರು. ಈಗ ನಿಜ ಹೇಳಲು ಅವಳಿಗೆ ನಾಚಿಕೆಯಾಯಿತು.

"ಯಾಕೇ ಹಂಗೆ ನೋಡ್ತೀಯ? ಅಮ್ಮ ಹುಷಾರಾಗಿದ್ದಾಳೆ ತಾನೆ?"

"ಹುಷಾರಾಗಿದ್ದಾಳೆ ದೊಡ್ಡಮ್ಮ," ಎಂದಳು ಸಬೀನಾ. ಬೆಳಗಾಗುತ್ತಲೇ ಹೇಳಿಬಿಡುತ್ತೇನೆ ಎಂದುಕೊಂಡು ಎದ್ದು ಬಂದಳು. ಇಂಥ ನಾಳೆಗಳೇ ಬಡವರ ಮನೆ ಮುರಿಯುವುದು.

ಬೆಳಿಗ್ಗೆ ಕ್ಲಾರಾ ತೋಟಕ್ಕೆ ಹೊರಟುಹೋಗಿದ್ದಳು. ಸಬೀನಾ ಕೆಲಸ ಬಿಟ್ಟು ಒಬ್ಬಳೇ ಆಸ್ಪತ್ರೆಗೆ ಓಡಿದಳು. ಲಾರಿ ಆಗಲೇ ನಿಂತಿತ್ತು. ಬರ್ನಬಾಸ್ ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಅವಳು ಕಿಟಕಿಗೆ ಹೋಗಿ ಅತ್ತಳು, ಬೈದಳು, ಇದ್ದಷ್ಟು ನೋಟುಗಳನ್ನು ಒಳಕ್ಕೆ ತಳ್ಳಿದಳು. ನೋಟುಗಳು ವಾಪಸ್ಸು ಬಂದವು.

ಲಾರಿಯ ಹಿಂದೆಯೇ ನಡೆದುಕೊಂಡು ಸ್ಮಶಾನಕ್ಕೆ ಹೋದಳು. ಯಂತ್ರ ತೋಡಿದ ಉದ್ದದ ಗುಂಡಿ, ತಳದಲ್ಲಿ ಕೆಸರು ನೀರು. ಎಲ್ಲವನ್ನೂ ಒಂದೇ ಥರದ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ಒಂದಷ್ಟು ಪುಟ್ಟ ಪೊಟ್ಟಣಗಳೂ ಇದ್ದವು, ಹೆಸರಿಡುವ ಮುಂಚೆ ಸತ್ತ ಮಕ್ಕಳು.

"ಅಣ್ಣಾ, ಯಾವುದು ನಮ್ಮಮ್ಮ?"

"ಆ ಕಡೆಯಿಂದ ಮೂರನೇದು ಅನ್ಸುತ್ತೆ," ಎಂದ ಬರ್ನಬಾಸ್. ಆಮೇಲೆ, "ನಾಲ್ಕನೇದೂ ಇರಬಹುದು," ಎಂದು ಮುಖ ತಿರುಗಿಸಿದ.

ಪಾದ್ರಿ ಎಲ್ಲರಿಗೂ ಸೇರಿಸಿ ಒಂದೇ ಪ್ರಾರ್ಥನೆ ಹೇಳಿದರು. ಯಂತ್ರ ಮಣ್ಣು ತಳ್ಳಿತು. ನನ್ನನ್ನು ಇಲ್ಲಿ ಬಿಟ್ಟು ಹೋಗಬೇಡ ಎಂದವಳನ್ನು ಅಲ್ಲೇ ಬಿಟ್ಟು ಸಬೀನಾ ಮನೆ ದಾರಿ ಹಿಡಿದಳು.

ಕ್ಲಾರಾಳಿಗೆ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕ್ಲಾರಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳ ಗಂಟಲಿನಿಂದ ಬಂದ ಕೂಗು ಕೇರಿಯ ಕೊನೆಯ ಮನೆಗೂ ಕೇಳಿಸಿತು. ಅವರ ಕಡೆ ಸಾವಿನ ಶೋಕಕ್ಕೆ ಮಾಡುವಂತೆ ಚರಂಡಿಯ ಕೆಸರನ್ನು ಬಾಚಿ ಮುಖಕ್ಕೆ ಬಳಿದುಕೊಂಡಳು. ಸಬೀನಾಳ ಬೆನ್ನಿಗೆ ಎರಡೂ ಮುಷ್ಟಿಗಳಿಂದ ಗುದ್ದಿದಳು. "ಜನ ಸತ್ತಿದ್ರೇನೇ ಪಾಪಿ? ನಾವೆಲ್ಲ ಸತ್ತಿದ್ವೇನೇ? ನಿನ್ನೆ ಇದೇ ಮೆಟ್ಟಿಲಲ್ಲಿ ಕೂತಿದ್ಯಲ್ಲೇ!" ಗುದ್ದಿ ಗುದ್ದಿ ಸುಸ್ತಾಗಿ, ಗುದ್ದಿದ ಬೆನ್ನಿಗೇ ಮುಖವಿಟ್ಟು ಅತ್ತಳು.

ಯಾರೋ ಟಾರ್ಪಾಲು ತಂದರು. ಯಾರೋ ಸೌದೆ ತಂದರು. ಈ ಸಲ ಅಕ್ಕಿಯ ಮೂಟೆಯನ್ನು ಜನರೇ ಹೊತ್ತು ತಂದರು, ಅಂಗಡಿಯವನು ಚಹಾಪುಡಿಯನ್ನು ಬಿಟ್ಟಿ ಕೊಟ್ಟ. ಓಟ್ಟೊನ ತಮ್ಮನೂ ಬಂದು ದೂರದಲ್ಲಿ ಕೂತ. ರೂತ್ ಕಾರ್ಖಾನೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಬೆನ್ನು ತಟ್ಟಲಿಲ್ಲ, ಬೈಯಲೂ ಇಲ್ಲ, ಚಾಪೆಯ ಮೇಲೆ ದುಡ್ಡಿಟ್ಟು ಕೂತಳು. ತಗಡಿಗೆ ಕಾಯುತ್ತಿದ್ದ ಎಲ್ಮಾಳೂ ಇಟ್ಟಳು. ವಾಕೆ ಬಂದು, ಯಾರ ಮುಖವನ್ನೂ ನೋಡದೆ, ಶುಕ್ರವಾರ ಎಣಿಸಿಕೊಂಡ ನೋಟುಗಳಲ್ಲಿ ಅರ್ಧವನ್ನು ಇಟ್ಟು ಹೋದ. ದೀಪ ಹಚ್ಚುವ ಹೊತ್ತಿಗೆ ಚಾಪೆಯ ಮೇಲೆ ಶವಾಗಾರದ ಬಾಕಿ, ಪೆಟ್ಟಿಗೆ, ಹಡಗು ಎಲ್ಲ ತೀರಿಸಿ ಮಿಗುವಷ್ಟು ದುಡ್ಡು ಬಿದ್ದಿತ್ತು. ಅಗೆದು ತೆಗೆಯೋಣ ಎಂದು ಯಾರೋ ಹುಡುಗರು ಎದ್ದರು. ಮೂರನೆಯದನ್ನೋ ನಾಲ್ಕನೆಯದನ್ನೋ ಎಂದು ಸಬೀನಾ ಕೇಳಿದಾಗ ಮತ್ತೆ ಕೂತರು.

ಸತ್ತವರಿಗೆಂದು ಇಟ್ಟ ದುಡ್ಡನ್ನು ಯಾರೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಬೀನಾಳ ಎದುರಿಗೆ ಯಾರೂ ಕೇಳದ, ಯಾವ ಬಿಲ್ಲೂ ನುಂಗದ ದುಡ್ಡು ರಾಶಿ ಬಿದ್ದಿತ್ತು. ಅವಳು ಅದರ ಕಡೆ ನೋಡಲಿಲ್ಲ.

ಅಡುಗೆಯಾಯಿತು. ಕ್ಲಾರಾ ಕೆಸರು ಒಣಗಿದ ಮುಖದಲ್ಲೇ ಬಂದು ಅವಳ ಎದುರು ಕೂತಳು. ದನಿ ಅತ್ತು ಅತ್ತು ಒಡೆದಿತ್ತು.

"ಒಂದು ಮಾತು ಕೇಳ್ತೀನಿ. ಭಾನುವಾರ ಭಾನುವಾರ ನಾನು ಕಟ್ಟಿ ಕೊಡ್ತಿದ್ನಲ್ಲ ಪೊಟ್ಟಣ. ಅದನ್ನ ಯಾರು ತಿಂತಿದ್ರು?"

ಟಾರ್ಪಾಲಿನ ಕೆಳಗೆ ಅಳು ನಿಂತಿತು.

"ನಾನೇ ತಿಂತಿದ್ದೆ ದೊಡ್ಡಮ್ಮ. ಹಸಿವಾಗ್ತಿತ್ತು."

ಕ್ಲಾರಾ ಎದ್ದುಹೋಗಿ ಬಾಳೆಲೆಯಲ್ಲಿ ಬಿಸಿ ಸಾಗೊ ರೊಟ್ಟಿಯನ್ನೂ ಮೀನನ್ನೂ ಹಾಕಿಕೊಂಡು ಬಂದು ಅವಳ ಮುಂದೆ ಇಟ್ಟಳು.

"ತಿನ್ನು," ಎಂದಳು. "ಆರೋಗುತ್ತೆ."